ಕೆಂಪು ಕಲ್ಲೂ ಮಂಗಳೂರು ಹೆಂಚೂ

ಹಾಸನವನ್ನು ಬಿಟ್ಟು, ಸಕಲೇಶಪುರದ ಮೇಲೆ ಶಿರಾಡಿ ಘಟ್ಟವನ್ನಿಳಿದು ಮಂಗಳೂರಿನ ಕಡೆಗೆ ಹೋಗತಕ್ಕವರು ಸಾಮಾನ್ಯವಾಗಿ ಕಾಡನ್ನೂ ಕಣಿವೆಯನ್ನೂ ನೋಡಿ ಸಂತೋಷಪಡುವರು. ಕಳೆದ ವೈಶಾಖದಲ್ಲಿ ಆ ದಾರಿಯಲ್ಲಿ ಹೋಗುವಾಗ ನಾನು ನೋಡುತ್ತ ಹೋದದ್ದು ಮನೆಗಳ ಮಾಡುಗಳನ್ನು. ‘ಮಾಡು’ ಎಂದರೆ ಕರಾವಳಿಯ ಮಾತಿನಲ್ಲಿ ಮನೆಯ ಮೇಲ್ಛಾವಣಿ. ಹಾಸನದ ಸುತ್ತಮುತ್ತ ಕಾಣುವುವು ಚಪ್ಪಟೆಯಾದ ತಾರಸಿಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ನಾಡಹೆಂಚಿನ ಮನೆ. ಸಕಲೇಶಪುರಕ್ಕೆ ಬರುವಷ್ಟರಲ್ಲಿ ಮಾಡುಗಳು ಇಳಿಜಾರಾಗತೊಡಗುವುವು. ಘಟ್ಟವಿಳಿದು ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿಗಳನ್ನು ದಾಟುವಾಗ ಹಳೆಯ ಮನೆಗಳ ಸೂರು ಗೋಡೆಯನ್ನು ಮೀರಿ ಮುಂದಕ್ಕೆ ಚಾಚಿ, ಜಗಲಿಯನ್ನು ಮುಚ್ಚಿ, ಅಂಗಳದಲ್ಲಿ ನಿಂತವನ ತಲೆಗೆ ತಾಗುವಷ್ಟು ಕೆಳಗೆ ಬಾಗಿರುವುದು. ರಸ್ತೆಗಾಗಿ ಕಡಿದ ಗುಡ್ಡದ ಮಗ್ಗುಲುಗಳು ಕುಂಕುಮದಂತೆ ಕೆಂಪಗಿರುವುವು. ಮಾಡೂ ಕೆಂಪು, ಗೋಡೆಯೂ ಕೆಂಪು, ನೆಲವೂ ಕೆಂಪು. ಮನೆಗಳು ಕಟ್ಟಿದಂತೆ ತೋರುವುದಿಲ್ಲ, ನೆಲದಿಂದ ಎದ್ದಂತೆ ತೋರುತ್ತವೆ.

ಮಾಡು ಬಾಗುವುದಕ್ಕೆ ಕಾರಣ ಮಳೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ೧,೦೦೦ ಮಿಲಿಮೀಟರಿನಷ್ಟು ಮಳೆಯಾದರೆ ಮಂಗಳೂರಿನಲ್ಲಿ ೩,೫೦೦ಕ್ಕೂ ಮಿಕ್ಕುವುದು. ಅದರಲ್ಲಿಯೂ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಬಿದ್ದುಹೋಗುವುದು. ಇಂಥ ನೀರಿನ ಕೆಳಗೆ ಮನುಷ್ಯನು ಒಣಗಿದ ಚಾಪೆಯ ಮೇಲೆ ಮಲಗಬೇಕಾದರೆ ಗೋಡೆಗೆ ಯಾವುದು, ಮಾಡಿಗೆ ಯಾವುದು ಎಂಬುದು ಸಣ್ಣ ಪ್ರಶ್ನೆಯಲ್ಲ.

ನಾನು ಹೊರಟದ್ದೂ ಅದೇ ಪ್ರಶ್ನೆಗಾಗಿಯೇ. ನನ್ನ ಅಕ್ಕನನ್ನು ಕೊಟ್ಟ ಮನೆ ಬಂಟವಾಳದ ಸಮೀಪದಲ್ಲಿದೆ. ಭಾವನವರ ಮುತ್ತಜ್ಜನು ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಕಟ್ಟಿಸಿದ ಮನೆ; ಗೋಡೆ ಕೆಂಪು ಕಲ್ಲಿನದು, ಮಾಡು ಮಂಗಳೂರು ಹೆಂಚಿನದು. ಅದರ ಮಾಡು ಎರಡು ಕಡೆ ಕುಸಿದಿತ್ತು. “ಮಗ ಕೆಡವಿ ಸ್ಲಾಬಿನ ಮನೆ ಕಟ್ಟುವ ಎನ್ನುತ್ತಾನೆ. ನನಗೆ ಮನಸ್ಸು ಬರುವುದಿಲ್ಲ. ಅವನಿಗೆ ಉತ್ತರ ಹೇಳಲಿಕ್ಕೂ ಬರುವುದಿಲ್ಲ. ನೀವೊಮ್ಮೆ ಬನ್ನಿ ಭಾವ, ನೋಡಿ ಹೇಳಿ” ಎಂದು ಭಾವನವರು ದೂರವಾಣಿಯಲ್ಲಿ ಕರೆದರು. ಮೈಸೂರಿನಲ್ಲಿ ನಾನು ಒಂದು ಮನೆ ಕಟ್ಟಿಸಿದ್ದೇನೆಂಬುದೇ ನನ್ನ ಯೋಗ್ಯತೆ.

ಮರುದಿನ ಬೆಳಿಗ್ಗೆ ಅಳಿಯನು ನನ್ನನ್ನು ಹತ್ತಿರದ ಕಲ್ಲಿನ ಕೋರೆಗೆ ಕರೆದುಕೊಂಡು ಹೋದನು. ಗುಡ್ಡದ ನೆತ್ತಿಯ ಮಣ್ಣನ್ನು ಕೆರೆದು ತೆಗೆದು, ಕೆಳಗಿನ ಕೆಂಪು ಬಂಡೆಯನ್ನು ಅಂಗಳದಂತೆ ಸಮಮಾಡಿರುವರು. ಹಿಂದೆ ಕೊಡಲಿಯಿಂದಲೂ ಪಿಕ್ಕಾಸಿನಿಂದಲೂ ಒಂದೊಂದೇ ಕಲ್ಲನ್ನು ಕಡಿದೆತ್ತುತ್ತಿದ್ದರಂತೆ. ಒಬ್ಬನು ದಿನವೆಲ್ಲ ದುಡಿದರೂ ಕೆಲವು ಹತ್ತು ಕಲ್ಲುಗಳಿಗಿಂತ ಹೆಚ್ಚು ಆಗುತ್ತಿರಲಿಲ್ಲ. ಈಗ ಹಳಿಯ ಮೇಲೆ ಓಡುವ ಯಂತ್ರದ ಗುಂಡು ಗರಗಸವು ನೆಲದಲ್ಲಿ ಉದ್ದುದ್ದ ಗೆರೆ ಕೊರೆದು, ಮತ್ತೆ ಅಡ್ಡ ಕೊರೆದು, ಬರ್ಫಿಯನ್ನು ತಟ್ಟೆಯಲ್ಲಿ ಕತ್ತರಿಸಿದಂತೆ ಕತ್ತರಿಸಿಬಿಡುತ್ತದೆ. ಧೂಳು ಮಾತ್ರ ಹೇಳತೀರದು. ಮುಖಕ್ಕೆ ಬೈರಾಸು ಕಟ್ಟಿಕೊಂಡ ಆಳುಗಳ ಹುಬ್ಬು, ರೆಪ್ಪೆ, ಕಿವಿ ಎಲ್ಲವೂ ಕೆಂಪಾಗಿ, ಅವರ ವಯಸ್ಸೇ ತಿಳಿಯದಂತಿತ್ತು. ಕಲ್ಲೊಂದಕ್ಕೆ ಸುಮಾರು ಒಂದೂಕಾಲು ಅಡಿ ಉದ್ದ, ಮುಕ್ಕಾಲು ಅಡಿಗೆ ಕಡಿಮೆಯಾದ ಅಗಲ ಎತ್ತರ. ತೂಕ ಮೂವತ್ತು ಕಿಲೋಗ್ರಾಮಿನ ಆಸುಪಾಸು. ಅದನ್ನು ಹೆಗಲಿಗೇರಿಸಿ ಲಾರಿಗೆ ತುಂಬುವವರಿಗೆ ಯಂತ್ರ ಇನ್ನೂ ಬಂದಿಲ್ಲ.

ಈ ಕಲ್ಲಿಗೆ ದಕ್ಷಿಣ ಕನ್ನಡದಲ್ಲಿ ಮುರಕಲ್ಲೆಂದೂ, ಉತ್ತರ ಕನ್ನಡದಲ್ಲಿ ಚೀರೆಕಲ್ಲೆಂದೂ, ಮಲೆನಾಡಿನಲ್ಲಿ ಜಂಬಿಟ್ಟಿಗೆಯೆಂದೂ ಹೆಸರು. ಭೂಗರ್ಭ ಶಾಸ್ತ್ರಜ್ಞರು ಇದನ್ನು ಲ್ಯಾಟರೈಟ್ ಎನ್ನುವರು. ಈ ಶಾಸ್ತ್ರೀಯ ಹೆಸರು ಹುಟ್ಟಿದ್ದು ನಮ್ಮ ನೆರೆಯಲ್ಲಿಯೇ. ಟಿಪ್ಪುವಿನ ಪತನವಾದ ಮೇಲೆ, ೧೮೦೦-೦೧ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದನು. ಮಲಬಾರಿನ ಅಂಗಡಿಪುರದಲ್ಲಿ ಜನರು ನೆಲದಿಂದ ಮೆತ್ತಗಿನ ಕಲ್ಲನ್ನು ಕಬ್ಬಿಣದ ಆಯುಧದಿಂದ ಸುಲಭವಾಗಿ ಕಡಿದೆತ್ತುವುದನ್ನೂ, ಅದು ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನೂ ಕಂಡು ಬೆರಗಾದನು. ಊರವರು ಅದನ್ನು ‘ಇಟ್ಟಿಗೆ ಕಲ್ಲು’ ಎಂಬ ಅರ್ಥದ ಮಾತಿನಿಂದಲೇ ಕರೆಯುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ‘ಲ್ಯಾಟರ್’ ಎಂದು ಹೆಸರಾದ್ದರಿಂದ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಅವನ ಪ್ರವಾಸದ ಗ್ರಂಥ ೧೮೦೭ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕೋರೆಯ ಕೂಲಿಯವನ ಮಾತು ಲ್ಯಾಟಿನ್ನಿನ ಅಂಗಿ ತೊಟ್ಟು ಜಗತ್ತನ್ನೆಲ್ಲ ಸುತ್ತಿತು! ಈಗ ಕೇರಳದ ಮಲಪ್ಪುರಂ ಜಿಲ್ಲೆಗೆ ಸೇರಿರುವ ಆ ಅಂಗಡಿಪುರದಲ್ಲಿ ಇದರ ನೆನಪಿಗಾಗಿ ಒಂದು ಸ್ಮಾರಕವೂ ಇದೆ.

ಕಲ್ಲು ಆಗುವ ಬಗೆಯೂ ಮಳೆಯ ಕೆಲಸವೇ. ಲಕ್ಷಾಂತರ ವರ್ಷಗಳ ಕಾಲ ಬಿಸಿಲೂ ಮಳೆಯೂ ಹಳೆಯ ಬಂಡೆಯನ್ನು ಕೊಳೆಯಿಸಿ, ಅದರೊಳಗಿನ ಸಿಲಿಕವನ್ನೂ ಕ್ಷಾರಗಳನ್ನೂ ಕರಗಿಸಿ ಕೊಚ್ಚಿಕೊಂಡು ಹೋಗುವುವು. ಕರಗದೆ ಹಿಂದುಳಿಯುವ ಕಬ್ಬಿಣ, ಅಲ್ಯುಮಿನಿಯಮುಗಳ ಅಂಶವೇ ಈ ಕಲ್ಲಿನ ಮುಖ್ಯ ದ್ರವ್ಯ. ಕೆಂಪು ಬಣ್ಣವೆಲ್ಲ ಕಬ್ಬಿಣದ ತುಕ್ಕು. ನೆಲದೊಳಗೆ ತೇವದಿಂದಿರುವಾಗ ಮೆತ್ತಗಿದ್ದು, ಹೊರಗೆ ತೆಗೆದು ಒಣಗಿಸಿದಂತೆ ಆ ಕಬ್ಬಿಣದ ಅಂಶವು ಹರಳುಗಟ್ಟಿ ಬಿಗಿಯುವುದು. ಆದುದರಿಂದಲೇ ಹಳೆಯ ಮೇಸ್ತ್ರಿಗಳು ಹೊಸದಾಗಿ ಕಡಿದ ಕಲ್ಲನ್ನು ಒಡನೆಯೇ ಗೋಡೆಗೆ ಇಡುತ್ತಿರಲಿಲ್ಲ. ಬಿಸಿಲಿನಲ್ಲಿ ಬಿಟ್ಟು, ಸಾಧ್ಯವಾದರೆ ಒಂದು ಮಳೆಗಾಲವನ್ನೂ ಕಾಣಿಸಿ, ಆಮೇಲೆ ಕೈಗೆತ್ತಿಕೊಳ್ಳುತ್ತಿದ್ದರು. ಈಗಿನ ಅವಸರದಲ್ಲಿ ಈ ಪದ್ಧತಿಯನ್ನು ಪಾಲಿಸುವವರು ಕಡಿಮೆ. ಗುಡ್ಡದ ಕಲ್ಲೆಲ್ಲ ಒಂದೇ ತೆರನಾದದ್ದೂ ಅಲ್ಲ. ಮೇಲಿನ ಪದರ ಗಟ್ಟಿ, ಕೆಳಗಿಳಿದಂತೆ ಮೆದು, ಇನ್ನೂ ಕೆಳಗೆ ಬಿಳಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಶೇಡಿಗೆ ನೀರು ತಗಲಿದರೆ ಜಾರುವುದು. ದಕ್ಷಿಣ ಕನ್ನಡದಲ್ಲಿಯೂ ಕಾಸರಗೋಡಿನಲ್ಲಿಯೂ ಇದೇ ಕೆಂಪು ಗುಡ್ಡಗಳೊಳಗೆ ಅಡ್ಡಲಾಗಿ ಸುರಂಗ ಕೊರೆದು, ಒಸರುವ ನೀರನ್ನು ತೋಟಕ್ಕೆ ತಂದ ಕೃಷಿಕರಿದ್ದಾರೆ. ಅದು ಬೇರೆಯೇ ಒಂದು ಲೇಖನಕ್ಕಾಗುವಷ್ಟು ವಿಷಯ.

ಕುಮಟೆಯ ಬಳಿಯ ಮಿರ್ಜಾನ ಕೋಟೆಯನ್ನೂ, ಕಾಸರಗೋಡಿನ ತೆಂಕಣ ಬೇಕಲ ಕೋಟೆಯನ್ನೂ ನೋಡಿದವರಿಗೆ ಈ ಕಲ್ಲಿನ ಬಾಳಿಕೆಯ ವಿಷಯವಾಗಿ ಹೇಳತಕ್ಕದ್ದೇನೂ ಇಲ್ಲ. ಕಡಲಿನ ಉಪ್ಪುಗಾಳಿಯನ್ನೂ ಮಳೆಯನ್ನೂ ಅವು ಶತಮಾನಗಳಿಂದ ತಡೆದುಕೊಂಡು ನಿಂತಿವೆ.

ಭಾವನವರ ಮನೆಯ ಗೋಡೆಯ ಕಲ್ಲು ಬಂದದ್ದು ಲಾರಿಯಲ್ಲಲ್ಲ, ಮನೆಯ ಹಿಂದಿನ ಗುಡ್ಡದಿಂದ. ಅಲ್ಲಿ ಮನೆಯಷ್ಟೇ ಅಗಲವಾದ ಒಂದು ಗುಂಡಿ ಇನ್ನೂ ಉಂಟು. ಕಲ್ಲಿನ ನಡುವಿನ ಗಾರೆಗೆ ಬೇಕಾದ ಸುಣ್ಣವನ್ನು ನದಿಯ ಅಳಿವೆಗಳಲ್ಲಿ ಆಯ್ದ ಚಿಪ್ಪುಗಳನ್ನು ಸುಟ್ಟು ಮಾಡುತ್ತಿದ್ದರು. ಸುಣ್ಣದ ಕಲ್ಲು ದೊರೆಯದ ಕರಾವಳಿಗೆ ಕಡಲೇ ಸುಣ್ಣವನ್ನು ಕೊಟ್ಟಿತೆನ್ನಬೇಕು. ಸುಟ್ಟ ಚಿಪ್ಪಿಗೆ ನೀರು ಹೊಯ್ದರೆ ಅದು ಕುದಿದು ಅರಳಿ ಬೆಣ್ಣೆಯಂತಾಗುವುದು. ಮರಳು ಸೇರಿಸಿ, ಬೆಲ್ಲದ ನೀರು ಹಾಕಿ, ಚೆನ್ನಾಗಿ ಅರೆದು ಹದ ಮಾಡುವರು. ಅದೇ ಸುಣ್ಣದ ಹಸಿ ಗಿಲಾವಿನ ಮೇಲೆ ಕೆಂಪು ಕಾವಿಯನ್ನು ಬಳಿದು, ಬೇಡವಾದಷ್ಟನ್ನು ಕೆರೆದು ತೆಗೆದು, ಬಿಳುಪಿನ ಮೇಲೆ ಕೆಂಪು ಚಿತ್ರ ಉಳಿಯುವಂತೆ ಮಾಡಿದ ಕಾವಿ ಕಲೆಯನ್ನು ಕರಾವಳಿಯ ಹಳೆಯ ದೇವಾಲಯಗಳಲ್ಲಿಯೂ ಗೋವೆಯಲ್ಲಿಯೂ ಇಂದಿಗೂ ಕಾಣಬಹುದು. ಕುಂಚಕ್ಕಿಂತ ಹೆಚ್ಚಾಗಿ ಉಳಿ ಮಾಡಿದ ಚಿತ್ರ ಅದು.

ಗೋಡೆಗಿಂತ ಕಷ್ಟವಾದದ್ದು ಮಾಡಿನ ಸಮಸ್ಯೆ. ಹೆಂಚು ಬರುವುದಕ್ಕೆ ಮುಂಚೆ ಸಾಮಾನ್ಯರ ಮನೆಗಳಿಗೆ ಮುಳಿಹುಲ್ಲು, ತೆಂಗಿನ ಮಡಲು, ಅಡಿಕೆಯ ಸೋಗೆಗಳೇ ಗತಿ. ಪ್ರತಿವರ್ಷವೂ ಮಳೆಗೆ ಮುಂಚೆ ಹೊದಿಕೆಯನ್ನು ಹೊಸದು ಮಾಡಬೇಕು. ಬೇಸಗೆಯಲ್ಲಿ ಒಂದು ಕಿಡಿ ಹಾರಿದರೆ ಕೇರಿಯೇ ಉರಿದುಹೋಗುವುದು. ಶ್ರೀಮಂತಿಕೆಯೂ ಭಕ್ತಿಯೂ ಸೇರಿದಲ್ಲಿ ಜನರು ಕಲ್ಲನ್ನೇ ಇಳಿಜಾರು ಮಾಡಿದರು. ಮೂಡುಬಿದಿರೆಯಲ್ಲಿ ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮುಂದೆ ನಿಂತು ನೋಡಿದರೆ, ಹುಲ್ಲಿನ ಮನೆಯ ಇಳಿಜಾರನ್ನೇ ಕಲ್ಲಿನ ಚಪ್ಪಡಿಗಳಲ್ಲಿ ಎತ್ತಿ ನಿಲ್ಲಿಸಿದಂತೆ ತೋರುವುದು. ಬಯಲುಸೀಮೆಯ ಶಿಲ್ಪಿಗೆ ಇಂಥದೊಂದು ಯೋಚನೆ ಬರುವ ಕಾರಣವೇ ಇರಲಿಲ್ಲ.

ಇಂಥ ನಾಡಿಗೆ ೧೮೩೪ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನರಿಗಳು ಬಂದರು. ಕನ್ನಡಿಗರು ಅವರನ್ನು ಹೆಚ್ಚಾಗಿ ನೆನೆಯುವುದು ೧೮೪೩ರ ‘ಮಂಗಳೂರ ಸಮಾಚಾರ’ ಪತ್ರಿಕೆಗಾಗಿಯೂ ಕಿಟ್ಟೆಲ್ಲರ ನಿಘಂಟಿಗಾಗಿಯೂ. ಆದರೆ ಗೃಹಸ್ಥರ ಮನೆಯನ್ನು ನೇರವಾಗಿ ಹೊಕ್ಕ ಅವರ ಕೆಲಸವೆಂದರೆ ಹೆಂಚು. ಮತಾಂತರ ಹೊಂದಿ ತಮ್ಮ ಕುಲಕಸಬನ್ನು ಕಳೆದುಕೊಂಡವರಿಗೆ ಜೀವನೋಪಾಯ ಬೇಕಾಗಿತ್ತು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಉತ್ತಮವಾದ ಜೇಡಿಮಣ್ಣು ಬೇಕಾದಷ್ಟಿತ್ತು. ೧೮೬೫ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲನೆಯ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮೂರೇ ವರ್ಷಗಳಲ್ಲಿ, ೧೮೬೮ರಲ್ಲಿ, ಆಲ್ಬುಕರ್ಕ್ ಕಾರ್ಖಾನೆಯೂ ಹುಟ್ಟಿತು. ಅನಂತರ ಹೊಳೆಯ ದಂಡೆಯುದ್ದಕ್ಕೂ ಹೊಗೆಕೊಳವೆಗಳು ಎದ್ದವು. ಹೆಂಚು ಹಡಗುಗಳಲ್ಲಿ ಮುಂಬಯಿಗೂ, ಸಿಂಹಳಕ್ಕೂ, ಪೂರ್ವ ಆಫ್ರಿಕಕ್ಕೂ ಹೋಯಿತು. ಊರಿನ ಹೆಸರೇ ಸರಕಿನ ಹೆಸರಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸರಕಾರವು ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದವು.

ಭಾವನವರ ಮಾಡಿನಿಂದ ಇಳಿಸಿದ ಹೆಂಚನ್ನು ತಿರುವಿ ನೋಡಲು, ಅದರ ಬೆನ್ನಿನ ಮೇಲೆ ಬಾಸೆಲ್ ಮಿಷನ್ನಿನ ಹೆಸರೂ ೧೮೬೫ ಎಂಬ ಅಂಕಿಯೂ ಅಚ್ಚೊತ್ತಿದ್ದುವು. ಇದನ್ನು ಕಂಡು ಹೆಂಚೇ ಆ ವರ್ಷದ್ದೆಂದು ಹೆಮ್ಮೆಪಡುವ ಮನೆಯವರು ಅನೇಕರಿದ್ದಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ. ಹೆಂಚು ಎಷ್ಟೋ ಆಮೇಲಿನದಿರಬಹುದು.

ಆ ಹೆಂಚಿನಲ್ಲಿರುವ ಬುದ್ಧಿವಂತಿಕೆಯನ್ನು ಕೈಯಲ್ಲಿ ಹಿಡಿದು ನೋಡಿದರೇ ತಿಳಿಯುವುದು. ಕುಂಬಾರನ ನಾಡಹೆಂಚು ಅರ್ಧ ಕೊಳವೆಯ ಆಕಾರದ್ದು; ಒಂದರ ಮೇಲೊಂದನ್ನು ದಟ್ಟವಾಗಿ ಹೇರಬೇಕು, ಆದರೂ ಬೆಕ್ಕು ನಡೆದರೆ ಸರಿಯುವುದು. ಮಂಗಳೂರು ಹೆಂಚು ಚಪ್ಪಟೆ. ಒಂದು ಅಂಚಿನಲ್ಲಿ ಕಾಲುವೆ, ಇನ್ನೊಂದು ಅಂಚಿನಲ್ಲಿ ಆ ಕಾಲುವೆಯೊಳಗೆ ಕೂಡುವ ಏಣು. ಅಡಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಗುಬುಟು. ಮೊಳೆಯಿಲ್ಲ, ಗಾರೆಯಿಲ್ಲ, ತನ್ನ ತೂಕದಿಂದಲೂ ನೆರೆಯವನ ಹಿಡಿತದಿಂದಲೂ ನಿಲ್ಲುವುದು. ಈ ಬಗೆಯ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿಗೆ ಬಾಸೆಲ್‌ಗೆ ಸಮೀಪದ ಆಲ್ಸಾಸಿನ ಆಲ್ಟ್‌ಕಿರ್ಷ್ ಊರಿನ ಗಿಲಾರ್ಡೋನಿ ಸಹೋದರರು ೧೮೪೧ರಲ್ಲಿ ಹಕ್ಕುಪತ್ರ ಪಡೆದಿದ್ದರು. ಒಂದು ಹೆಂಚು ಒಡೆದರೆ ಅದೊಂದನ್ನೇ ಬದಲಾಯಿಸಬಹುದು. ಕತ್ತಲೆಯಾದಲ್ಲಿ ಅದೇ ಅಳತೆಯ ಗಾಜಿನ ಹೆಂಚನ್ನು ಇಟ್ಟು ಬೆಳಕು ತರಬಹುದು. ಸಂದುಗಳಲ್ಲಿ ನೀರು ಇಳಿಯದು, ಆದರೆ ಒಳಗಿನ ಬಿಸಿಗಾಳಿ ಹೊರಗೆ ಹೋಗುವುದು. ಬೇಸಗೆಯ ಮಧ್ಯಾಹ್ನ ಊಟವಾದ ಮೇಲೆ ಆ ಮನೆಯ ಚಾವಡಿಯಲ್ಲಿ ಮಲಗಿದವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೂ ನಡೆಯುತ್ತಿರುವ ಒಂದು ಕಾರ್ಖಾನೆಯನ್ನೂ ನೋಡಿ ಬಂದೆವು. ಗದ್ದೆಯ ಮಣ್ಣನ್ನು ರಾಶಿಹಾಕಿ ಹದಗೊಳಿಸಿ, ಯಂತ್ರದಲ್ಲಿ ನಾದಿ, ದಪ್ಪ ರೊಟ್ಟಿಯಂತೆ ಕತ್ತರಿಸಿ, ಅಚ್ಚಿನಲ್ಲಿ ಒತ್ತುವರು. ಹಸಿ ಹೆಂಚು ನೆರಳಿನಲ್ಲಿ ಅಟ್ಟಣೆಗಳ ಮೇಲೆ ದಿನಗಟ್ಟಲೆ ಒಣಗಬೇಕು, ಅವಸರಪಟ್ಟರೆ ಸೊಟ್ಟಗಾಗುವುದು. ಆಮೇಲೆ ಸೌದೆಯ ಬೆಂಕಿಯ ಗೂಡಿನಲ್ಲಿ ದಿನಗಟ್ಟಲೆ ಬೇಯಿಸುವರು. ಅಲ್ಲಿಯ ಮೇಲ್ವಿಚಾರಕರು ತಮ್ಮ ಕಷ್ಟವನ್ನು ಮುಚ್ಚಿಡಲಿಲ್ಲ. ಮಣ್ಣು ಸಿಗುವುದು ದುರ್ಲಭ, ಸೌದೆಗೆ ಬೆಲೆ ಹೆಚ್ಚು, ಕೆಲಸಕ್ಕೆ ಎಳೆಯರು ಬರುವುದಿಲ್ಲ. ಹಿಂದೆ ಮಂಗಳೂರಿನ ಸುತ್ತ ಹತ್ತಾರು ಕಾರ್ಖಾನೆಗಳಿದ್ದುವು. ಈಗ ಬೆರಳಿನಲ್ಲಿ ಎಣಿಸುವಷ್ಟು ಮಾತ್ರ ಉಳಿದಿವೆ.

ಇಷ್ಟನ್ನೆಲ್ಲ ನೋಡಿಬಂದು, ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಮಣ್ಣು ಎಂದು ತೀರ್ಪು ಹೇಳುವುದು ನನಗೆ ಸುಲಭವಾಗಿತ್ತು. ಆ ರಾತ್ರಿ ಊಟಕ್ಕೆ ಕುಳಿತಾಗ ಅಕ್ಕನೇ ಅದನ್ನು ತಪ್ಪಿಸಿದಳು.

“ಹೆಂಚಿನ ಮನೆಯ ಚೆಂದ ನೋಡಲಿಕ್ಕೆ ಬಂದವರಿಗೆ” ಎಂದಳು. “ನಲವತ್ತು ವರ್ಷ ಇದರ ಕಸ ಗುಡಿಸಿದವಳು ನಾನು. ಮೇಲಿನಿಂದ ಧೂಳು, ಇಲಿ, ಚೇಳು. ಮಂಗಗಳು ಒಂದು ಸಲ ಹಾರಿದರೆ ಹತ್ತು ಹೆಂಚು ಹೋಯಿತು. ಮಳೆಯಲ್ಲಿ ನಡುರಾತ್ರಿ ಎದ್ದು ಎಲ್ಲೆಲ್ಲಿ ಪಾತ್ರೆ ಇಡಬೇಕೆಂದು ಕತ್ತಲೆಯಲ್ಲಿಯೂ ನನಗೆ ಗೊತ್ತುಂಟು.”

ಅಳಿಯನು ನಕ್ಕನು. ಭಾವನವರು ಮಜ್ಜಿಗೆಯ ಪಾತ್ರೆಯನ್ನು ನೋಡುತ್ತ ಕುಳಿತರು. ಅಕ್ಕನೇ ಮತ್ತೆ, “ಹಾಗೆಂದು ಸ್ಲಾಬು ಬೇಕೆಂದು ನಾನು ಹೇಳಿದೆನೇ? ಮೂಡುಬದಿಯ ಮನೆಯವರು ಸ್ಲಾಬು ಹಾಕಿಸಿ ಆರು ವರ್ಷವಾಯಿತು. ಈಗ ಅದರ ಮೇಲೆ ತಗಡಿನ ಮಾಡು ಹಾಕಿಸಿದ್ದಾರೆ. ಒಂದು ಮನೆಗೆ ಎರಡು ಮಾಡು!” ಎಂದಳು.

ಇದು ಮೂಡುಬದಿಯ ಮನೆಯೊಂದರ ಕಥೆಯಲ್ಲ. ಕರಾವಳಿಯ ಯಾವ ರಸ್ತೆಯಲ್ಲಿ ಹೋದರೂ ಕಾಂಕ್ರೀಟು ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡು ಹೊದಿಸಿದ ಮನೆಗಳು ಕಾಣುವುವು. ಚಪ್ಪಟೆ ತಾರಸಿಯ ಮೇಲೆ ನಿಂತ ನೀರು ಸಣ್ಣ ಬಿರುಕನ್ನು ಹುಡುಕಿ ಒಳಗಿಳಿಯುವುದು. ಒಳಗಿನ ಉಕ್ಕಿನ ಸರಳಿಗೆ ತೇವವೂ ಕಡಲ ಉಪ್ಪೂ ತಾಗಿದರೆ ಅದು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುವುದು. ಹಗಲೆಲ್ಲ ಕುಡಿದ ಬಿಸಿಲನ್ನು ತಾರಸಿಯು ರಾತ್ರಿ ಮನೆಯೊಳಗೆ ಸುರಿಯುವುದು. ಸಿಮೆಂಟಿಗಾಗಿ ಸುಣ್ಣದ ಕಲ್ಲನ್ನೂ ಜೇಡಿಯನ್ನೂ ೧,೪೫೦ ಡಿಗ್ರಿಗಳಷ್ಟು ಕಾಯಿಸಬೇಕು; ಹೆಂಚಿಗೂ ಸೌದೆ ಬೇಕು, ಆದರೆ ಅಷ್ಟು ಉರಿ ಬೇಡ. ಇದು ಕಾಂಕ್ರೀಟಿನ ನಿಂದೆಯಲ್ಲ. ನೀರಿನ ತೊಟ್ಟಿಯನ್ನು ಹೊರುವುದಕ್ಕೂ, ಮಹಡಿಯ ಮೇಲೆ ಮಹಡಿ ಎತ್ತುವುದಕ್ಕೂ, ಮಳೆ ಕಡಿಮೆಯಾದ ನಮ್ಮ ಮೈಸೂರಿನಲ್ಲಿ ಸಂಡಿಗೆ ಒಣಗಿಸುವುದಕ್ಕೂ ಅದಕ್ಕೆ ಸರಿಸಾಟಿಯಾದದ್ದಿಲ್ಲ.

ಕೆಂಪು ಕಲ್ಲಿನ ಕತೆಯೂ ದೋಷರಹಿತವಲ್ಲ. ಮುತ್ತಜ್ಜನು ಒಂದು ಮನೆಗೆ ಬೇಕಾದಷ್ಟು ಕಲ್ಲೆತ್ತಿದನು. ಗರಗಸವು ಗುಡ್ಡವನ್ನೇ ಎತ್ತುತ್ತಿದೆ. ಕೆಲಸ ಮುಗಿದ ಕೋರೆಗಳನ್ನು ಮುಚ್ಚದೆ, ಬೇಲಿಯನ್ನೂ ಹಾಕದೆ ಬಿಟ್ಟುಹೋಗುವವರು ಅನೇಕರು. ಮಳೆಗಾಲದಲ್ಲಿ ಅವು ಮೆಟ್ಟಿಲಿಲ್ಲದ ಕೆರೆಗಳಾಗುವುವು. ಈಜಲಿಳಿದ ಮಕ್ಕಳು ಮೇಲೆ ಬಾರದ ಸುದ್ದಿಯನ್ನು ಕರಾವಳಿಯವರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದಾರೆ. ನಾವು ನೋಡಿದ ಕೋರೆಯ ಪಕ್ಕದಲ್ಲಿಯೇ ಹಾಗೆ ಬಿಟ್ಟ ಇನ್ನೊಂದು ಗುಂಡಿಯಿತ್ತು; ಅದರ ಅಂಚಿನಿಂದ ಶಾಲೆಯ ಕಾಲುದಾರಿ ಹತ್ತು ಮಾರು ದೂರವೂ ಇರಲಿಲ್ಲ. ಮನೆ ಕಟ್ಟುವವರು ಕಲ್ಲಿನ ಬೆಲೆಯನ್ನು ಚೌಕಾಸಿ ಮಾಡುವಾಗ, ಆ ಕಲ್ಲೆದ್ದ ಗುಂಡಿಗೆ ಬೇಲಿಯಿದೆಯೇ ಎಂದು ಕೇಳಿದರೆ ಕೋರೆಯವನಿಗೆ ಆಶ್ಚರ್ಯವಾಗಬಹುದು, ಆದರೂ ಕೇಳಬಹುದು.

ಮರುದಿನ ಮಾಡಿನ ಕೆಲಸ ಬಲ್ಲ ಮೇಸ್ತ್ರಿಯನ್ನು ಕರೆಸಿದೆವು. ಎಪ್ಪತ್ತು ಸಮೀಪಿಸಿದ ಆತನು ಮೊದಲು ಗೋಡೆಗೆ ನೂಲುಗುಂಡು ಬಿಟ್ಟು ನೋಡಿ, ಗೋಡೆಗೆ ಏನೂ ಆಗಿಲ್ಲವೆಂದನು. ಆಮೇಲೆ ಏಣಿ ಹತ್ತಿ ಪಕ್ಕಾಸುಗಳನ್ನು ಚೂರಿಯಿಂದ ಚುಚ್ಚುತ್ತ ಹೋದನು. ಗೆದ್ದಲು ತಿಂದದ್ದು ಹನ್ನೊಂದು. ಉಳಿದ ತಾಳೆಮರದ ಪಕ್ಕಾಸುಗಳು ಕಬ್ಬಿಣದಂತಿದ್ದುವು. ಕುಸಿತಕ್ಕೆ ಕಾರಣ ಹೆಂಚಲ್ಲ, ಎಂದೋ ಒಡೆದ ಎರಡು ಹೆಂಚುಗಳನ್ನು ಬದಲಾಯಿಸದೆ ಬಿಟ್ಟದ್ದರಿಂದ ನೀರಿಳಿದು ಮರ ಕೊಳೆತದ್ದು. ಅಳಿಯನು ಲೆಕ್ಕ ಹಾಕಿದನು. ಕೆಡವಿ ಕಟ್ಟುವುದಕ್ಕೂ ಸರಿಪಡಿಸುವುದಕ್ಕೂ ನಡುವಣ ಅಂತರವನ್ನು ಕಂಡು ಅವನೇ ಸುಮ್ಮನಾದನು. ಕೊನೆಗೆ ಹೀಗೆಂದು ನಿಶ್ಚಯವಾಯಿತು: ಮುಂದಿನ ಮನೆಗೆ ಹಳೆಯ ಮಾಡೇ ಇರತಕ್ಕದ್ದು, ಧೂಳು ಬೀಳದಂತೆ ಕೋಣೆಗಳಿಗೆ ಮರದ ಮುಚ್ಚಿಗೆ ಹಾಕಿಸತಕ್ಕದ್ದು, ಹಿಂದಿನ ಅಡಿಗೆಮನೆಯನ್ನೂ ಬಚ್ಚಲನ್ನೂ ಹೊಸದಾಗಿ ಕಾಂಕ್ರೀಟಿನಲ್ಲಿ ಕಟ್ಟಿ, ನೀರಿನ ತೊಟ್ಟಿಯನ್ನು ಅದರ ಮೇಲಿಡತಕ್ಕದ್ದು. ಅಡಿಗೆಮನೆಯ ಅಳತೆಯನ್ನು ಅಕ್ಕನೇ ಹೇಳಿದಳು, ಮೇಸ್ತ್ರಿ ಬರೆದುಕೊಂಡನು. ಹಿಂದಿನ ಗುಂಡಿಗೆ ಕಲ್ಲಿನ ಕಟ್ಟೆ ಕಟ್ಟಿಸುವುದಾಗಿ ಭಾವನವರು ಹೇಳಿದರು.

ಮಧ್ಯಾಹ್ನ ಮೇಸ್ತ್ರಿ ಇಳಿಸಿದ ಹೆಂಚಿನ ರಾಶಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಒಂದೊಂದನ್ನೇ ಎಡಗೈಯಲ್ಲಿ ತೂಗಹಾಕಿ ಬೆರಳಿನ ಗೆಣ್ಣಿನಿಂದ ಬಡಿದು ಕೇಳತೊಡಗಿದನು. ಸೀಳಿಲ್ಲದ ಹೆಂಚು ಗಂಟೆಯಂತೆ ನುಡಿಯುವುದು. ಕಣ್ಣಿಗೆ ಕಾಣದ ಬಿರುಕಿದ್ದರೆ ಮಣ್ಣಿನ ಸದ್ದು. ಮೊದಲ ನೂರರಲ್ಲಿ ಎಂಬತ್ತೊಂದು ನುಡಿದುವು. ಕಡಿಮೆಬಿದ್ದದ್ದನ್ನು ಪಾಣೆಮಂಗಳೂರಿನ ಕಡೆ ಕೆಡವಿದ ಒಂದು ಹಳೆಯ ಮನೆಯಿಂದ ತರಬಹುದೆಂದೂ, ಪತ್ತನಾಜೆಯೊಳಗೆ ಮಾಡು ಮುಚ್ಚಿಕೊಡುವೆನೆಂದೂ ಆತನು ಒಪ್ಪಿಕೊಂಡನು.

ಜೂನ್ ತಿಂಗಳ ಮೊದಲ ಮಳೆಗೆ ಜಗಲಿಯ ಮೂಲೆಯಲ್ಲಿ ಮಾತ್ರ ಹನಿ ಬಿದ್ದಿತಂತೆ; ಅಳಿಯನೇ ಏಣಿ ಹತ್ತಿ ಹೆಂಚೊಂದನ್ನು ಸರಿಪಡಿಸಿದನೆಂದು ಅಕ್ಕ ತಿಳಿಸಿದಳು.